ಕೆಂಪಿನ ಕೆಳಗೆ ಹಸಿರಿತ್ತು, ಸ್ವಾಮಿ

ಹೊಸಪೇಟೆ, ೧೯೪೧

ಮಾನ್ಯರೇ,

ಮದರಾಸಿನಲ್ಲಿ ಕುಳಿತು, ಪ್ರಾಂತದ ಜನ ಯಾವ ಟಾಕಿ ನೋಡಬಹುದು, ಯಾವುದನ್ನು ನೋಡಬಾರದು ಎಂದು ಮುದ್ರೆ ಒತ್ತುವ ಅಧಿಕಾರಿ ತಾವು. ತಾವು ಮುದ್ರೆ ಒತ್ತಿದ ಒಂದು ಕನ್ನಡ ಟಾಕಿ, ಕಂಪ್ಲಿಯ ಉಚ್ಚೆಂಗಮ್ಮ ಎಂಬ ಹೆಂಗಸನ್ನು ಸುಳ್ಳುಬುರುಕಿ ಮಾಡಿ ಕೂರಿಸಿದೆ. ಆಕೆ ಸುಳ್ಳು ಹೇಳಿದವಳಲ್ಲ. ಹಾಗೆಂದು ತಮ್ಮದೇ ಸರ್ಕಾರ ನಾಲ್ಕು ವರ್ಷದ ಹಿಂದೆ ಬರೆದುಕೊಟ್ಟಿದೆ. ನಾನು ತಮಗೆ ಎರಡು ಅರ್ಜಿ ಹಾಕಿದೆ. "ಕಥೆ ಕೇವಲ ಕಾಲ್ಪನಿಕ" ಎಂದು ಒಂದು ಸಾಲಿನ ಉತ್ತರ ಬಂತು. ಅದಕ್ಕೇ ಈ ಮೂರನೆಯದನ್ನು ಪತ್ರಿಕೆಯಲ್ಲಿ ಹಾಕಿಸುತ್ತಿದ್ದೇನೆ.

ಕಾಲ್ಪನಿಕವಂತೆ! ನಡೆದದ್ದನ್ನು ಮೊದಲು ಕೇಳಿ. ನಮ್ಮ ಕಡೆ ಜಿಲ್ಲಾ ಬೋರ್ಡಿನ ಚುನಾವಣೆ ಬಂತು. ಓದು ಬರಹ ಇಲ್ಲದವರಿಗೂ ತಿಳಿಯಲೆಂದು ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಬಣ್ಣದ ಪೆಟ್ಟಿಗೆ ಇಟ್ಟರು. ಆಗಿನ ಅಧ್ಯಕ್ಷರದು ಹಸಿರು. ಅವರಿಗೆ ಎದುರು ನಿಂತ ಚನ್ನಯ್ಯ ಮೇಷ್ಟ್ರದು ಕೆಂಪು. ಕಂಪ್ಲಿಯಲ್ಲಿ ಬೆಳಿಗ್ಗೆಯೆಲ್ಲ ಜನ ಕೆಂಪು ಪೆಟ್ಟಿಗೆಗೇ ಚೀಟಿ ಹಾಕಿದರು. ಮಧ್ಯಾಹ್ನ ಊಟದ ಹೊತ್ತಿಗೆ ಕೋಣೆಗೆ ಬೀಗ ಬಿತ್ತು. ಬೀಗ ತೆಗೆದ ಮೇಲೆ ಮೊದಲು ಒಳಗೆ ಹೋದವಳು ಉಚ್ಚೆಂಗಮ್ಮ. ಗಂಡ ತೀರಿಕೊಂಡ ಮೇಲೆ ಕಾಲುವೆ ಕೆಳಗಿನ ಕಬ್ಬಿನ ಹೊಲವನ್ನು ತಾನೇ ನಿಂತು ಮಾಡಿಸಿ ಕಂದಾಯ ಕಟ್ಟುವವಳು, ಹಾಗಾಗಿ ಆಕೆಗೆ ಓಟಿತ್ತು. ಪರದೆಯ ಹಿಂದೆ ಬಗ್ಗಿ ಕೆಂಪು ಪೆಟ್ಟಿಗೆಗೆ ಚೀಟಿ ಹಾಕಿ ಎದ್ದರೆ ಸೆರಗಿಗೆ ಹಸಿ ಬಣ್ಣ ಹತ್ತಿದೆ, ಪೆಟ್ಟಿಗೆಯ ಮೂಲೆಯಲ್ಲಿ ಕೆಂಪು ಒರೆಸಿಹೋಗಿ ಒಳಗಿನ ಹಸಿರು ಕಾಣುತ್ತಿದೆ. ಹೊರಗೆ ಬಂದವಳೇ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಕೂಗಿದಳು: "ಇದೇನು ಪೆಟಿಗಿನೋ, ಈಗ ಸಾರಿಸಿದ ಗ್ವಾಡಿನೋ? ಕೆಂಪಿನ ಕೆಳಗ ಹಸಿರು ಐತಲ್ರೋ!"

ಆ ಮಾತು ಇವತ್ತಿಗೂ ಕಂಪ್ಲಿಯವರ ಬಾಯಲ್ಲಿದೆ. ಜನ ಉಂಡು ಬರುವಷ್ಟರಲ್ಲಿ ಎರಡೂ ಪೆಟ್ಟಿಗೆಗಳ ಬಣ್ಣ ಅದಲುಬದಲಾಗಿತ್ತು. ಮೇಷ್ಟ್ರ ತುಂಬಿದ ಪೆಟ್ಟಿಗೆ ಹಸಿರಾಗಿ ಅಧ್ಯಕ್ಷರದಾಯಿತು. ಅಧ್ಯಕ್ಷರ ಖಾಲಿ ಪೆಟ್ಟಿಗೆ ಕೆಂಪಾಗಿ ಮೇಷ್ಟ್ರ ಪಾಲಿಗೆ ಬಂತು.

ನಾನು ಹೊಸಪೇಟೆಯಲ್ಲಿ ಕಾಗದ ಪುಸ್ತಕದ ಅಂಗಡಿ ಇಟ್ಟುಕೊಂಡು ಈ ವಾರಪತ್ರಿಕೆಗೆ ಬಾತ್ಮಿ ಕಳಿಸುವವನು. ಈ ಹಗರಣದ ಹಿಂದೆ ಹನ್ನೊಂದು ದಿನ ಸೈಕಲ್ ತುಳಿದೆ. ಪತ್ತೆ ಹಚ್ಚುವುದೆಂದರೆ ಹೇಗಿರುತ್ತದೆ ಗೊತ್ತೆ? ಬಂಡಿಗಳಿಗೆ ಬಣ್ಣ ಬಳಿಯುವ ಜಂಬಪ್ಪನ ಕಟ್ಟೆಯ ಮೇಲೆ ಆರು ದಿನ ಕುಳಿತೆ. ಐದು ದಿನ ಅವನು ತನ್ನ ಮೊಣಕಾಲು ನೋವಿನ ವಿಚಾರ ಬಿಟ್ಟು ಬೇರೆ ಮಾತಾಡಲಿಲ್ಲ. ಆರನೆಯ ದಿನ ಗಾಲಿಗೆ ಬಣ್ಣ ಹಚ್ಚುತ್ತ, ನನ್ನ ಮುಖ ನೋಡದೆ, "ಅವತ್ತು ಅಧ್ಯಕ್ಷರ ಮನಿ ಆಳು ಬಂದು ಒಂದು ಡಬ್ಬಿ ಕೆಂಪು, ಒಂದು ಡಬ್ಬಿ ಹಸಿರು ಒಯ್ದನ್ರಿ. ಬಾಗಲಿಗೆ ಅಂದ. ಒಂದು ಬಾಗಲಿಗೆ ಎರಡು ಬಣ್ಣ ಯಾರು ಬಳೀತಾರ್ರಿ ಆಚಾರ್ರೇ?" ಅಂದ. ನನ್ನ ಸಾಹಸ ಅಷ್ಟೇ.

ವಿಚಾರಣೆಗೆ ಬಂದ ಅಧಿಕಾರಿ ಎಲ್ಲರೆದುರು ಚಾಕುವಿನಿಂದ ಪೆಟ್ಟಿಗೆಗಳನ್ನು ಕೆರೆದರು. ಕೆಂಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆಂಪು. ಹೊರಗೆ ಅಧ್ಯಕ್ಷರ ಜನ ಕೋಲು ಹಿಡಿದು ನಿಂತಿದ್ದರು. ಅವರ ನಡುವೆಯೇ ನಡೆದುಬಂದ ಉಚ್ಚೆಂಗಮ್ಮ ಮೇಜಿನ ಮೇಲೆ ಆ ಬಣ್ಣ ಹತ್ತಿದ ಸೀರೆ ಹರಡಿ, ಹೆಸರು ಹೇಳಿ, ಹೆಬ್ಬೆಟ್ಟು ಒತ್ತಿದಳು. ಚುನಾವಣೆ ರದ್ದಾಯಿತು. ಅಧಿಕಾರಿಗಳು ಆಕೆಗೆ, "ಅಮ್ಮಾ, ನಿಮ್ಮ ಮಾತು ಸರ್ಕಾರದ ದಫ್ತರಕ್ಕೆ ಸೇರಿತು. ಇನ್ನು ಅದನ್ನು ಯಾರೂ ಅಳಿಸಲಾರರು" ಅಂದರು. ಆಕೆ ನಂಬಿದಳು. ನಾನೂ ನಂಬಿದೆ.

ಹೋದ ವರ್ಷ ಟಾಕಿ ಕಂಪನಿಯೊಂದು ಹಾಡುಗಳನ್ನು ತೆಗೆಯಲು ಹಂಪಿಗೆ ಬಂತು. ಅದರ ಕಥೆಗಾರ ನನ್ನ ಅಂಗಡಿಗೆ ಕಾಗದ ಕೊಳ್ಳಲು ಬಂದವನು ಕಾಫಿ ಕುಡಿಸಿದ, ನನ್ನ ಬಾತ್ಮಿಗಳನ್ನು ಹೊಗಳಿದ. ನಾನು ಉಬ್ಬಿಹೋದೆ. ಎಲ್ಲವನ್ನೂ ಹೇಳಿದೆ: ಪೆಟ್ಟಿಗೆ, ಸೆರಗು, ಕೊನೆಗೆ ಆಕೆಯ ಆ ಮಾತನ್ನೂ ಅಕ್ಷರ ಬಿಡದೆ ಹೇಳಿಕೊಟ್ಟೆ. ಆಕೆಯ ಹೆಸರು ಮಾತ್ರ ಹೇಳಲಿಲ್ಲ, ದೊಡ್ಡ ಜಾಣನ ಹಾಗೆ. ಆ ತಪ್ಪು ನನ್ನದು. ಅದನ್ನು ತಮ್ಮ ತಲೆಗೆ ಕಟ್ಟುವುದಿಲ್ಲ.

ಟಾಕಿ ಕಂಪ್ಲಿಯ ಟೆಂಟಿಗೆ ಬಂದಾಗ ನಾನೇ ಮುಂದೆ ನಿಂತು ಉಚ್ಚೆಂಗಮ್ಮನನ್ನು ಮೊದಲ ಆಟಕ್ಕೆ ಕರೆದೊಯ್ದೆ. ಆಕೆ ಓಣಿಯ ಹೆಂಗಸರನ್ನೆಲ್ಲ ಜೊತೆಗೆ ಕರೆತಂದಿದ್ದಳು. ಪರದೆಯ ಮೇಲೆ ನನ್ನ ಬದಲಿಗೆ ಒಬ್ಬ ಪತ್ರಿಕೋದ್ಯೋಗಿ ಪ್ರತ್ಯಕ್ಷನಾದ. ರಾಮ ರಾಮಾ! ತಲೆಗೆ ಹ್ಯಾಟು, ಜೇಬಿನಲ್ಲಿ ಪಿಸ್ತೂಲು, ಓಡಾಡಲು ಮೋಟಾರು. ಒಂದು ಅಕ್ಷರ ಬರೆದದ್ದನ್ನು ಯಾರೂ ಕಾಣಲಿಲ್ಲ. ಅಧ್ಯಕ್ಷರ ಮಗಳ ಜೊತೆ ಹಂಪಿಯ ಕಲ್ಲುಮಂಟಪಗಳನ್ನೆಲ್ಲ ಸುತ್ತಿ ಮೂರು ಹಾಡು ಹಾಡಿದ. ಕೆಂಪೂ ಹಸಿರೂ ಎರಡೂ ಮಸಿಯ ಹಾಗೆ ಕಾಣುವ ಪರದೆಯ ಮೇಲೆ ಬಣ್ಣದ ಮೋಸವನ್ನು ಕಣ್ಣು ಹಾಯಿಸಿದೊಡನೆ ಕಂಡುಹಿಡಿದ. ನಕ್ಕು ಸುಮ್ಮನಾಗಬಹುದಿತ್ತು. ಅಷ್ಟರಲ್ಲಿ ಒಬ್ಬ ಮುದುಕಿ ಸೆರಗು ಹಿಡಿದು ಬಂದು, "ಇದೇನು ಪೆಟಿಗಿನೋ" ಎಂದಳು. ಇಡೀ ಟೆಂಟು ಉಚ್ಚೆಂಗಮ್ಮನ ಕಡೆ ತಿರುಗಿ ಚಪ್ಪಾಳೆ ಹೊಡೆಯಿತು. ಆಕೆ ನಾಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಷ್ಟು ಸಂತೋಷ ಆ ಮುಖದಲ್ಲಿ ನಾನು ಹಿಂದೆ ಕಂಡಿರಲಿಲ್ಲ.

ಆಮೇಲೆ ಕೊನೆಯ ರೀಲು ಬಂತು. ಅದೇ ಮುದುಕಿ ಅಧ್ಯಕ್ಷರ ಕಾಲಿಗೆ ಬಿದ್ದು, ಎದುರಾಳಿಯ ಕೈಯಿಂದ ಲಂಚ ತಿಂದು ಪೆಟ್ಟಿಗೆಗೂ ಸೆರಗಿಗೂ ಬಣ್ಣ ಬಳಿದವಳು ತಾನೇ ಎಂದು ಅತ್ತಳು. ಅಧ್ಯಕ್ಷರು ದೇವರಂತೆ ಕ್ಷಮಿಸಿದರು. ಪತ್ರಿಕೋದ್ಯೋಗಿ ತನ್ನ ಟಿಪ್ಪಣಿ ಪುಸ್ತಕ ಸುಟ್ಟು, ತಪ್ಪೊಪ್ಪಿಕೊಂಡು, ಅವರ ಮಗಳನ್ನು ಮದುವೆಯಾದ. ಹಿಂದಿನಿಂದ ಒಬ್ಬ, "ಎಷ್ಟು ತಿಂದೆಬೇ ಮುದುಕಿ?" ಎಂದು ಕೂಗಿದ. ನಗು ಎದ್ದಿತು. ಜೊತೆಗೆ ಬಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಆಕೆಯ ಪಕ್ಕದಿಂದ ಸರಿದುಹೋದರು.

ನಾನು ಕಥೆಗಾರನಿಗೆ ಬೈದು ಬರೆದೆ. ಅವನ ಉತ್ತರ ನನ್ನ ಹತ್ತಿರ ಇದೆ: "ನಾನು ಬರೆದದ್ದರಲ್ಲಿ ಅಧ್ಯಕ್ಷರು ಸೆರೆಮನೆಗೆ ಹೋಗುತ್ತಾರೆ. ಮುದ್ರೆ ಒತ್ತುವವರು ಒಪ್ಪಲಿಲ್ಲ. ಹುದ್ದೆಯಲ್ಲಿರುವವರನ್ನು ಕೀಳಾಗಿ ತೋರಿಸಕೂಡದು, ತಪ್ಪು ಬೇರೆ ಯಾರದ್ದಾದರೂ ಆಗಲಿ ಅಂದರು. ಕೈಗೆ ಸಿಕ್ಕವಳು ಆ ಮುದುಕಿ."

ಬೇರೆ ಯಾರದ್ದಾದರೂ ಆಗಲಿ! ಈ ಮಾತು ಆಡುವಾಗ ತಮ್ಮ ನಾಲಿಗೆ ಒಂದು ಸಲವಾದರೂ ತಡವರಿಸಲಿಲ್ಲವೆ? ಅಧ್ಯಕ್ಷರಿಗೆ ಮಾನವಿದೆ, ಕಬ್ಬು ಬೆಳೆಯುವ ಹೆಂಗಸಿಗೆ ಇಲ್ಲವೆ? ಪಿಸ್ತೂಲಿನಿಂದ ಪ್ರಾಂತದ ಶಾಂತಿ ಕೆಡುವುದಿಲ್ಲ, ಮೂರು ಹಾಡಿನಿಂದ ಕೆಡುವುದಿಲ್ಲ, ನಡೆದದ್ದನ್ನು ನಡೆದ ಹಾಗೆ ತೋರಿಸಿದರೆ ಮಾತ್ರ ಕೆಡುತ್ತದೆಯೆ? ಸರ್ಕಾರದ ಒಂದು ಕೈ ಆಕೆಯ ಹೆಬ್ಬೆಟ್ಟು ತೆಗೆದುಕೊಂಡು ನಿಜವೆಂದು ಬರೆಯಿತು. ಇನ್ನೊಂದು ಕೈ ಅದೇ ಮಾತು ಸುಳ್ಳೆಂದು ಮುದ್ರೆ ಒತ್ತಿತು. ದಫ್ತರವನ್ನು ಓದುವವರು ಯಾರೂ ಇಲ್ಲ, ಟಾಕಿಯನ್ನು ಊರೆಲ್ಲ ನೋಡುತ್ತದೆ. ಸ್ವಾಮಿ, ನಮ್ಮನ್ನು ನಂಬಿಸಿ ಕುತ್ತಿಗೆ ಕೊಯ್ದಿರಿ.

ಹೋದ ವಾರ ಆಕೆಯ ಮನೆಗೆ ಹೋಗಿದ್ದೆ. ಕಾಲುವೆಗೆ ಹೋದರೂ, ಸಂತೆಗೆ ಹೋದರೂ ಜನ "ಬಣ್ಣ ಬೇಕೇನು?" ಎಂದು ಕೇಳುತ್ತಾರಂತೆ. ಆಕೆಯ ಮಗಳು ಸಂಡೂರು ಸೀಮೆಯ ಬಂಡ್ರಿಯ ಸೊಸೆ. ಬರುವ ಅಮಾವಾಸ್ಯೆಗೆ ಟೆಂಟು ಸಂಡೂರಿಗೆ ಹೋಗುತ್ತದೆ. ನಾನು ತಮಗೆ ಮತ್ತೆ ಬರೆಯುತ್ತೇನೆ ಎಂದೆ. ಆಕೆ ಕುಂದ್ರಿ ಎಂದೂ ಅನ್ನಲಿಲ್ಲ.

"ಬರೀರಿ. ಬೀಗರು ನೋಡೋದ್ಕಿಂತ ಮುಂಚೆ ಬರೀರಿ. ನನ್ನ ಮಗಳು ಆ ಮನ್ಯಾಗ ತಲಿ ಎತ್ತಿ ಬಾಳ್ವಿ ಮಾಡಬೇಕು" ಅಂದಳು. ಆಮೇಲೆ, "ಒಂದು ಕೇಳ್ತೀನಿ ಆಚಾರ್ರೇ. ಅವತ್ತು ಅಷ್ಟು ಮಂದಿ ಕೋಲು ಹಿಡಕಂಡು ನಿಂತಿದ್ರು, ನಾನು ಹೆಸರು ಹೇಳಿ ಹೆಬ್ಬೆಟ್ಟು ಒತ್ತಿದೆ. ಪೇಪರಿನ್ಯಾಗ ನಿಮ್ಮ ಹೆಸರು ಎಲ್ಲಿತ್ತು?" ಅಂದಳು.

ಎಲ್ಲಿಯೂ ಇರಲಿಲ್ಲ. 'ನಮ್ಮ ಬಾತ್ಮೀದಾರರಿಂದ' ಎಂದಷ್ಟೇ ಅಚ್ಚಾಗುವುದು ನಮ್ಮ ಕಸುಬಿನ ರೂಢಿ. ಅದನ್ನು ನಾನು ವಿನಯ ಅಂದುಕೊಂಡಿದ್ದೆ. ನನ್ನ ಅಂಗಡಿಗೆ ಕಲ್ಲು ಬೀಳದಿರಲಿ ಎಂಬ ಭಯ ಅದು. ಆಕೆಯ ಅಂಗಳದಿಂದಲೇ ತಿರುಗಿ ಬಂದೆ.

ಅಮಾವಾಸ್ಯೆಗೆ ಮೊದಲು ಆ ಮುದುಕಿಯ ತಪ್ಪೊಪ್ಪಿಗೆಯನ್ನು ಟಾಕಿಯಿಂದ ಕತ್ತರಿಸಿ ಹಾಕಿಸಿ. ಸಂಡೂರು ಸಂಸ್ಥಾನ, ಅದು ನಮ್ಮ ಸರಹದ್ದಲ್ಲ ಎಂದು ಜಾರಿಕೊಳ್ಳಬೇಡಿ. ತಮ್ಮ ಮುದ್ರೆ ಹೊತ್ತ ರೀಲೇ ಅಲ್ಲಿಗೂ ಹೋಗುತ್ತದೆ. ಅದು ಆಗದಿದ್ದರೆ ತಾವೇ ಕಂಪ್ಲಿಗೆ ಬನ್ನಿ, ಆಕೆಯ ಅಂಗಳದಲ್ಲಿ ನಿಂತು, ಆಕೆಯ ಮುಖ ನೋಡಿ, "ನೀನು ಸುಳ್ಳು ಹೇಳಿದೆ" ಅನ್ನಿ. ಪಕ್ಕದಲ್ಲಿ ನಾನೂ ಇರುತ್ತೇನೆ. ನನ್ನ ಗುರುತು ಸಿಗಲೆಂದು ಹೆಸರು, ಮನೆ, ಅಂಗಡಿ ಎಲ್ಲ ಕೆಳಗೆ ಬರೆದಿದ್ದೇನೆ. ಅಧ್ಯಕ್ಷರ ಜನರೂ ಓದಿಕೊಳ್ಳಲಿ.

ಇಂತಿ,
ಉಚ್ಚೆಂಗಮ್ಮನಿಗಿಂತ ನಾಲ್ಕು ವರ್ಷ ತಡವಾಗಿ ಹೆಸರು ಹೇಳುತ್ತಿರುವ
ವ್ಯಾಸರಾಜ,
ರೈಲ್ವೆ ಸ್ಟೇಷನ್ ರಸ್ತೆಯ ಕಾಗದದ ಅಂಗಡಿ, ಹಿಂದೆಯೇ ಮನೆ,
ಹೊಸಪೇಟೆ