ತೊಟ್ಟಿಲ ಕೆಳಗಿನ ಹೂಗಳು

ಕೆರಿಹಾಳ, ಎರಡನೆಯ ಬೇಸಿಗೆಯ ಐದನೆಯ ಬುಧವಾರ, ೨೨೧೨

ನನಗಿಂತ ಎಷ್ಟೋ ತಲೆಮಾರು ಹಿಂದೆ ಇರುವವರಿಗೆ,

ವರ್ಷಕ್ಕೆ ಎರಡು ಬೇಸಿಗೆ ಎಂದರೆ ನಿಮಗೆ ವಿಚಿತ್ರ ಅನ್ನಿಸಬಹುದು. ನನ್ನ ಕೆಲವು ಮಾತುಗಳೂ ಹಾಗೆಯೇ ಅನ್ನಿಸಿಯಾವು. ನಿಮ್ಮ ಕಾಲದ ಕನ್ನಡವನ್ನು ಕಾಲೇಜಿನಲ್ಲಿ ಪಠ್ಯವಾಗಿ ಓದಿ ಕಲಿತವಳು ನಾನು, ತಪ್ಪಿದ್ದರೆ ಮನ್ನಿಸಿ. ಎದುರು ನಿಂತು ಮಾತಾಡುವುದು ನನಗೆ ಬಾರದು. ಬರೆಯುವುದು ಸ್ವಲ್ಪ ಬರುತ್ತದೆ.

ನಮ್ಮ ಊರು ಒಂದು ಕೆರೆಯ ಮೇಲಿದೆ. ನಿಮ್ಮ ಕಾಲದಲ್ಲಿ ಲಾರಿಗಟ್ಟಲೆ ಕಸ ಸುರಿದು, ಮೇಲೆ ಮಣ್ಣು ಹರಡಿ ಸಮ ಮಾಡಿದ ಕೆರೆ. ಎತ್ತರದ ಜಾಗವೆಲ್ಲ ಬೇರೆಯವರ ಪಾಲಾದ ಮೇಲೆ ನಮ್ಮ ಹಿರಿಯರು ಇಲ್ಲಿ ಮನೆ ಕಟ್ಟಿಕೊಂಡರು. ಆ ಕಸ ಇನ್ನೂ ಒಳಗೆ ಕೊಳೆಯುತ್ತಲೇ ಇದೆ. ಅದರಿಂದ ಮೇಲೇಳುವುದಕ್ಕೆ ನಾವು ಕೆಳಗಾಳಿ ಎನ್ನುತ್ತೇವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕಿನಿಂದ ಬಂದು ಮೊಣಕಾಲುದ್ದ ನೀರಿನ ಹಾಗೆ ಕೋಣೆಯಲ್ಲಿ ನಿಲ್ಲುತ್ತದೆ. ನಿಂತವರಿಗೆ ಗೊತ್ತಾಗುವುದಿಲ್ಲ. ಮಲಗಿದವರು ಏಳುವುದಿಲ್ಲ.

ಹಾಗಂತ ನಮ್ಮ ಮನೆಗಳು ಮಂಕಾಗಿವೆ ಎಂದುಕೊಳ್ಳಬೇಡಿ. ಹಿತ್ತಲಲ್ಲಿ ಏನು ಅರಳುತ್ತದೋ ಅದನ್ನು ನೋಡಿಯೇ ನಾವು ಕೋಣೆಗೆ ಬಣ್ಣ ಹಚ್ಚುವುದು. ನಮ್ಮ ಪಡಸಾಲೆಯ ಗೋಡೆಗೆ ಕಣಗಿಲೆ ಎಸಳಿನ ಒಳಮೈಯ ತಿಳಿಗುಲಾಬಿ. ಪರದೆಗಳಿಗೆ ಅವ್ವ ಚೆಂಡುಹೂವು ಕುದಿಸಿ ಬಣ್ಣ ಕಟ್ಟಿದ್ದಾಳೆ. ಬೆಳಗಿನ ಬಿಸಿಲಲ್ಲಿ ಬೇವಿನ ಟೊಂಗೆಯ ನೆರಳು ಗೋಡೆಯ ಮೇಲೆ ಬೀಳುವಾಗ ಅದರ ಗುಂಟ ಗೆರೆ ಎಳೆದು ಚಿತ್ತಾರ ಬರೆದವಳು ನಾನು. ಪ್ರತಿ ಕೋಣೆಯ ಮೂಲೆಯಲ್ಲಿ, ಮುಂಬಾಗಿಲ ಹೊರಗೂ, ನೆಲದ ಮೇಲೆ, ತಂಬಿಗೆಯೊಳಗೆ ದಾಸವಾಳದ್ದೋ ನುಗ್ಗೆಯದ್ದೋ ಒಂದು ಎಳೆಯ ಟೊಂಗೆ ಇರುತ್ತದೆ. ಅದು ಕಾವಲುಟೊಂಗೆ. ನೋಡಲು ಚೆಂದವೇ, ಆದರೆ ಇಡುವುದು ಚೆಂದಕ್ಕಲ್ಲ. ಕೆಳಗಾಳಿ ಬಂದರೆ ಮೊದಲು ಅದರ ಎಲೆ ಕಂದುತ್ತದೆ. ಆಗ ಮನೆಮಂದಿಯೆಲ್ಲ ಎದ್ದು ದಿಬ್ಬ ಹತ್ತಬೇಕು.

ಇದು ಎಲ್ಲರಿಗೂ ಗೊತ್ತು. ಬಾಡಿದ ಹೂ ಶುಭಕಾರ್ಯದ ಮನೆಯಲ್ಲಿ ಕಾಣಬಾರದು ಎಂಬುದೂ ಎಲ್ಲರಿಗೂ ಗೊತ್ತು, ಮತ್ತು ಈ ಎರಡನೆಯ ತಿಳಿವಳಿಕೆ ಮೊದಲನೆಯದಕ್ಕಿಂತ ಬಹಳ ಹಳೆಯದು.

ಇವತ್ತು ನಮ್ಮಣ್ಣನ ಮಗಳಿಗೆ ತೊಟ್ಟಿಲ ಶಾಸ್ತ್ರ. ಅಲಂಕಾರವೆಲ್ಲ ಸಾವಂತ್ರೆವ್ವ ಅತ್ತೆಯದು. ಅಪ್ಪನ ಅಕ್ಕ, ಈ ಓಣಿಯಲ್ಲಿ ಅವಳ ಕೈಯಷ್ಟು ಹದವಾದ ಕೈ ಇನ್ನೊಂದಿಲ್ಲ. ತೊಟ್ಟಿಲ ಸರಪಳಿಗೆ ಮಲ್ಲಿಗೆ ಸುತ್ತಿ, ಅಂಚಿಗೆ ಸೇವಂತಿಗೆ ಪೋಣಿಸಿ, ಕೆಳಗೆ ನೆಲ ಸೋಕುವ ಹಾಗೆ ಹೂಗೊಂಚಲು ಇಳಿಬಿಟ್ಟಿದ್ದಳು. ಪಕ್ಕದ ಮಣೆಯ ಮೇಲೆ ಅಣ್ಣನ ಹೆಂಡತಿ, ನಮ್ಮ ವೈನಿ, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನೆಂಟರು ಬಂದ ಕೂಡಲೇ ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು.

ನಾನು ನೋಡುತ್ತಿದ್ದೆ. ಮೇಲಿನ ಮಲ್ಲಿಗೆ ಬಿರಿದ ಹಾಗೆಯೇ ಇತ್ತು. ಕೆಳಗಿನ ಗೊಂಚಲು ಕಂದಿತು. ಅತ್ತೆ ಅದನ್ನು ಚಿವುಟಿ ಉಡಿಯಲ್ಲಿ ಮುಚ್ಚಿಕೊಂಡು ಹೊಸದು ಕಟ್ಟಿದಳು. ಸ್ವಲ್ಪ ಹೊತ್ತಿಗೆ ಅದೂ ಕಂದಿತು.

“ಅತ್ತಿ, ಕೆಳಗಿನವಷ್ಟ ಬಾಡಾಕತ್ತಾವು,” ಎಂದೆ.

“ಬಿಸಲಿಗೆ ಬಾಡ್ತಾವವಾ. ಕೆಲಸ ಹೇಳಿದ ಕೂಡ್ಲೆ ನೀ ಬಾಡಂಗಿಲ್ಲೇನು?”

ಹೆಂಗಸರೆಲ್ಲ ನಕ್ಕರು.

“ಬಿಸಲಾದ್ರ ಮ್ಯಾಲಿನವು ಮೊದಲ ಬಾಡಬೇಕಿತ್ತು. ಕೂಸಿನ್ನ ಹೊರಗ ಒಯ್ರಿ.”

“ಕಾವಲುಟೊಂಗಿ ಹಸರ ಐತಿ, ನೋಡಲ್ಲೆ.”

“ಅದನ್ನ ಮುಂಜಾನಿಂದ ನೀವ ಬದಲಿ ಮಾಡಾಕತ್ತೀರಿ, ಅತ್ತಿ.”

ಅತ್ತೆಯ ಮುಖ ಬಿಗಿಯಿತು. “ಮತ್ತ ನೆಂಟ್ರ ಮುಂದ ಒಣಾ ಟೊಂಗಿ ಇಡಬೇಕಿತ್ತೇನು? ಸಾಲಿ ಕಲತಾಕಿ ಬಾಯಾಗ ಒಂದರ ಶುಭದ ಮಾತ ಬರ್ತೈತೇನ ನೋಡ್ರೆವಾ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹಿತ್ತಲಿಗೆ ಹೋದೆ. ಅತ್ತೆ ಚಿವುಟಿ ಹಾಕಿದ ಹೂಗಳೆಲ್ಲ ಬುಟ್ಟಿಯೊಂದರಲ್ಲಿ ಬಿದ್ದಿದ್ದವು. ಅವನ್ನು ದಾರಕ್ಕೆ ಕಟ್ಟಿ, ಮನೆಯನ್ನು ಸುತ್ತು ಹಾಕಿ ಮುಂಬಾಗಿಲಿಗೆ ಬಂದೆ. ಮಾವಿನ ತೋರಣ ಕಿತ್ತು, ಆ ಕಂದಿದ ಸರವನ್ನು ಅಲ್ಲಿ ಇಳಿಬಿಟ್ಟೆ.

ಓಣಿಯ ತಿರುವಿನಲ್ಲಿ ನೆಂಟರು ನಿಂತುಬಿಟ್ಟರು. “ಅಯ್ಯ ಶಿವನ, ಇದೇನಿದು! ನಡೀರಿ, ನಡೀರಿ ಹಿಂದಕ್ಕ!” ಎಂದು ಯಾರೋ ಕೂಗಿದರು. ಅತ್ತೆ ಹೊರಗೆ ಓಡಿ ಬಂದಳು, ಅವಳ ಹಿಂದೆ ಹೆಂಗಸರು, ಅಣ್ಣ.

“ಯಾವ ಹಾಳ ಕೈ ಇದನ್ನ ಕಟ್ಟೇತಿ?”

“ನಂದ, ಅತ್ತಿ.”

ಕೆನ್ನೆಗೆ ಏಟು ಬಿತ್ತು. ನಾನು ಅವಳ ಹೆಗಲಾಚೆ ಬಾಗಿಲನ್ನೇ ನೋಡುತ್ತಿದ್ದೆ. ಕೊನೆಗೆ ವೈನಿ ಅಳುತ್ತ ಹೊರಗೆ ಬಂದಳು, ಕೂಸು ಅವಳ ಹೆಗಲ ಮೇಲಿತ್ತು. ಆಮೇಲೆ ಎಷ್ಟು ಬೈದರೂ ನನಗೆ ಕೇಳಿಸಲಿಲ್ಲ.

ಅಣ್ಣ ಒಬ್ಬನೇ ಒಳಗೆ ಹೋಗಿ ಬಂದ. ತೊಟ್ಟಿಲ ಕೆಳಗೆ ಅತ್ತೆ ಹಚ್ಚಿಟ್ಟಿದ್ದ ಹಣತೆ ಆರಿತ್ತಂತೆ. ಮತ್ತೆ ಹಚ್ಚಲು ಬಗ್ಗಿದರೆ ಕಡ್ಡಿಯೂ ಆರಿತಂತೆ. ಮಗಳನ್ನು ಎತ್ತಿಕೊಂಡು ದಿಬ್ಬದ ಕಡೆ ನಡೆದ. ನಾವೆಲ್ಲ ಹಿಂದೆ ನಡೆದೆವು.

ಈಗ ಸಂಜೆ, ಇನ್ನೂ ದಿಬ್ಬದ ಮೇಲಿದ್ದೇವೆ. ಅತ್ತೆ ನನಗೆ ಬೆನ್ನು ಹಾಕಿ ಕೂತಿದ್ದಾಳೆ. ಅಣ್ಣ ಓಣಿಯ ಮನೆಮನೆಗೂ ಹೋಗಿ ಹೇಳಿ ಬಂದ. “ನಮ್ಮ ಟೊಂಗಿ ಹಸರ ಐತಿ, ನಿಮ್ಮ ಅಪಶಕುನ ನಿಮ್ಮಲ್ಲೇ ಇರ್ಲಿ,” ಎಂದು ಬಾಗಿಲು ಹಾಕಿಕೊಂಡರಂತೆ. ಹಿಂದಿರುಗಿದ ನಮ್ಮ ನೆಂಟರೂ ಅಲ್ಲೇ ಎಲ್ಲೋ ಊಟಕ್ಕೆ ಕೂತಿದ್ದಾರೆ. ಇಲ್ಲಿಂದ ನೋಡಿದರೆ ಬಾಗಿಲ ಹೊರಗಿನ ಟೊಂಗೆಗಳೆಲ್ಲ ಹಸಿರಾಗಿವೆ. ಯಾವುದು ಮುಂಜಾನೆಯಿಂದ ಉಳಿದ ಹಸಿರು, ಯಾವುದು ಈಗಷ್ಟೇ ಬದಲಿಸಿದ್ದು, ನನಗೆ ತಿಳಿಯುತ್ತಿಲ್ಲ. ಅಣ್ಣನೂ ನಾನೂ ಮತ್ತೊಮ್ಮೆ ಇಳಿದು ಹೋಗುತ್ತಿದ್ದೇವೆ.

ನಿಮ್ಮದು ಒಂದೇ ಉಪಕಾರ ಬೇಕು. ನಿಮ್ಮ ಕಾಲದಲ್ಲಿ ಆ ಕೆರೆಯಲ್ಲಿ ಇನ್ನೂ ನೀರಿದೆ. ದಡಕ್ಕೆ ಹೋಗಿ, ಲಾರಿಗೆ ಅಡ್ಡ ನಿಲ್ಲಿ. ಜನ ನೋಡುತ್ತಾರೆ, ನಗುತ್ತಾರೆ, ನಾಚಿಕೆಯಾಗುತ್ತದೆ. ನನಗೂ ಆಗಿತ್ತು.

ನಿಮ್ಮವಳು,
ನೀಲಾಂಬಿಕಾ