ಗಡಿಯಲ್ಲಿ ಬೆಂದ ಹುಗ್ಗಿ

ಮೆಕ್ಸಿಕಾಲಿ, ಎರಡು ಸಾವಿರದ ನೂರ ತೊಂಬತ್ತಾರನೆಯ ಇಸವಿ, ಎರಡನೇ ಬೇಸಿಗೆ.

ಪೂಜ್ಯ ಗಂಗವ್ವಜ್ಜಿಯವರಿಗೆ, ನಿಮ್ಮ ಏಳನೇ ತಲೆಮಾರಿನ ನೀಲಾಂಬಿಕೆ ಒರ್ತೇಗಾಳ ಶರಣು ಶರಣಾರ್ಥಿ.

ತಾರೀಖು ನೋಡಿ ಗಾಬರಿಯಾಗಬೇಡಿ, ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ನನ್ನ ಕನ್ನಡದಲ್ಲಿ ಅಡ್ಡಾದಿಡ್ಡಿ ಮಾತು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ಹುಬ್ಬಳ್ಳಿ ಬಿಟ್ಟು ಬಂದು ನೀವು ಇಲ್ಲಿ ತೆರೆದ ಖಾನಾವಳಿಯನ್ನು ಈಗ ನಾನು ನಡೆಸುತ್ತಿದ್ದೇನೆ.

ನನ್ನ ಮಗಳು ಮಿರೆಯಾ ನಮ್ಮೂರಿಗೆ ತಾಗಿದ ಗಡಿಯ ಉತ್ತರಕ್ಕೆ ಮದುವೆಯಾಗಿ ಹೋದವಳು, ಈಗ ತುಂಬಿದ ಬಸುರಿ. ಈಗಿನ ಕಾನೂನಿನಂತೆ ಬಸುರಿಯರು ಗಡಿ ದಾಟುವಂತಿಲ್ಲ, ಆದ್ದರಿಂದ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವ ಮಾತೇ ಇಲ್ಲ. ತಾಯಂದಿರಿಗೂ ಆಚೆ ಹೋಗಲು ಅಪ್ಪಣೆಯಿಲ್ಲ. ಎರಡು ಗೇಟುಗಳ ನಡುವೆ ನಡುಚಾವಡಿ ಎಂಬ ಹಜಾರವಿದೆ. ಆ ಕಡೆಯವರು, ಈ ಕಡೆಯವರು ಅಲ್ಲಿ ಹೊತ್ತು ಮುಳುಗುವ ತನಕ ಒಟ್ಟಿಗೆ ಕೂರಬಹುದು, ಅದೂ ವರ್ಷಕ್ಕೊಮ್ಮೆ. ಹೆರಿಗೆಗೆ ಮುಂಚೆ ಅವಳ ಉಡಿ ತುಂಬಲೇಬೇಕೆಂದು ನಾನು ಹಟ ಹಿಡಿದು ಹೊರಟೆ.

ನಮ್ಮ ಗಾಡಿಗಳು ತಾವೇ ಓಡುತ್ತವೆ, ಗಡಿಯ ಹತ್ತಿರ ಮಾತ್ರ ಸ್ಟೇರಿಂಗ್ ನಾವೇ ಹಿಡಿಯಬೇಕು. ಸಾಲಿನಲ್ಲಿ ಸುಮ್ಮನೆ ಹಾರ್ನ್ ಹೊಡೆಯುವ ಚಾಳಿ ನಿಮ್ಮ ಕಾಲದಿಂದಲೂ ಹೋಗಿಲ್ಲವಂತೆ. ಮೊದಲ ತಪಾಸಣೆಯಲ್ಲಿ ಉಸಿರು ಮೂಸಿದರು, ಮುಂದಿನದರಲ್ಲಿ ಯಾಕೆ ಬಂದೆ ಎಂದು ಕೇಳಿದರು. ಮಗಳ ಮುಖ ನೋಡಲು ಎಂದೆ. ಕೊನೆಯದು ಬೀಜಗಾವಲು. ಮೊಳಕೆಯೊಡೆಯುವ ಯಾವುದನ್ನೂ ಅದು ದಾಟಲು ಬಿಡುವುದಿಲ್ಲ. ಅರಿಶಿನ ಹಚ್ಚಿದ ಮೇಲೆ ಗೋಧಿ ಬೀಜವಲ್ಲ, ಉಡಿ ಎಂದುಕೊಂಡು ನಾನು ಸೇರುಗಟ್ಟಲೆ ತಂದಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅಧಿಕಾರಿ ದಾಲಿಯಾ ಗಂಟು ಬಿಚ್ಚಿ, ಇದನ್ನು ಸುಡಬೇಕು ಎಂದಳು.

ಚಾವಡಿಯ ಆಚೆ ಬದಿಯಲ್ಲಿ ಮಿರೆಯಾ ಉಡಿಗೆಂದು ಸೆರಗು ಒಡ್ಡಿ ನಿಂತಿದ್ದಳು.

“ಯವ್ವಾ, ಬರೇ ಉಡೀಲೆ ಹೆಂಗ ಹೋಗ್ಲಿ?” ಎಂದಳು.

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. “ಸುಡೂದ್ಯಾಕ ತಂಗೀ, ಕುದಸ್ತೀನಿ. ಕುದ್ದ ಗೋಧಿ ಮೊಳಕಿ ಒಡಿತೈತೇನು?” ಎಂದು ದಾಲಿಯಾಳನ್ನು ಕೇಳಿದೆ. ಅವಳು ನಿಯಮವನ್ನು ಎರಡು ಸಲ ಓದಿಕೊಂಡಳು. ಆಮೇಲೆ ತಮ್ಮ ಚಹಾದ ಒಲೆ, ಪಾತ್ರೆ ಚಾವಡಿಗೇ ತಂದಿಟ್ಟಳು.

ಹುಗ್ಗಿಯ ಗೋಧಿ ನೆನೆಯಬೇಕು, ಕುಟ್ಟಬೇಕು, ನಿಮಗೆ ಹೇಳಬೇಕೇ? ಎರಡೂ ಆಗಲಿಲ್ಲ. ಅದು ಬೇಯಲು ಇಡೀ ಮಧ್ಯಾಹ್ನ ತಿಂದಿತು. ಉಡಿಗೆಂದು ತಂದ ಬೆಲ್ಲ ಹಾಕಿ ಕಲಕುವ ಹೊತ್ತಿಗೆ ಸಂಜೆಯ ಸೀಟಿ ಕೂಗಿತು. ಮಿರೆಯಾ ಊದಿ ಊದಿ ಉಂಡಳು, ದಾಲಿಯಾಳಿಗೂ ಒಂದು ಬಟ್ಟಲು ಸಂದಿತು. ಮಗಳ ಉಡಿಯಲ್ಲಿ ಕುಬಸ ಇಟ್ಟೆ, ಹಣೆಗೆ ಕುಂಕುಮ ಹಚ್ಚಿದೆ. ಅಷ್ಟರಲ್ಲಿ ಅವಳ ಗೇಟು ಮುಚ್ಚತೊಡಗಿತು. ಅವಳು ಹೊಟ್ಟೆ ತುಂಬಿಕೊಂಡು ಹೋದಳೆಂದು ಸಂತೋಷವಿದೆ. ಆದರೆ ದಿನವಿಡೀ ಒಲೆಯ ಕಡೆ ಮುಖ ಮಾಡಿ ಕೂತವಳು ನಾನು, ಅವಳು ಮಾತಾಡಿದ್ದೆಲ್ಲ ನನ್ನ ಬೆನ್ನಿಗೆ.

ಅಜ್ಜಿ, ನಿಮ್ಮ ಕಾಲದಲ್ಲಿ ಆ ಸಾಲು ದಾಟಿದವರು ಮಗಳ ಮನೆಯಲ್ಲಿ ರಾತ್ರಿ ಉಳಿಯಬಹುದಿತ್ತಂತೆ. ನಿಮ್ಮ ಮಗಳು ಇರು ಅಂದಾಗ ಖಾನಾವಳಿಯಲ್ಲಿ ಕೆಲಸವಿದೆ ಎಂದು ಎದ್ದು ಬರಬೇಡಿ. ಅವಳ ಪಕ್ಕದಲ್ಲೇ ಹಾಸಿಗೆ ಹಾಸಿಕೊಳ್ಳಿ. ಬೆಳಗಾಗುವ ತನಕ ಅಲ್ಲೇ ಇರಿ.