ಕೋರ್ಟಿನ ಮೇಲೊಂದು ಗಡಿಯಾರ

ಫೆಬ್ರವರಿ ೪, ಮಂಗಳವಾರ. ಸ್ಟಾಫ್‌ರೂಮ್

ಮತ್ತೆ ರಬ್ಬರು, ಮತ್ತೆ ಪೆನ್ಸಿಲು. ವೇಳಾಪಟ್ಟಿಯ ಹಾಳೆ ಉಜ್ಜಿ ಉಜ್ಜಿ ತೆಳುವಾಗಿದೆ. ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣುತ್ತದೆ. ಗಣಿತ ಹೇಳಿಕೊಡುವುದು ನನ್ನ ಕೆಲಸ. ಯಾರು ಯಾವಾಗ ಎಲ್ಲಿರಬೇಕೆಂದು ಬರೆಯುವುದು ಜೊತೆಗೆ ಅಂಟಿಕೊಂಡದ್ದು. ಎರಡನೆಯದರಲ್ಲೇ ನೆಮ್ಮದಿ ಹೆಚ್ಚು. ಚೌಕಗಳು ಎದುರುತ್ತರ ಕೊಡುವುದಿಲ್ಲ.

ಪ್ರಿನ್ಸಿಪಾಲ್ ಹೇಳಿ ಕಳಿಸಿದರು. ಮಾರ್ಚ್ ಒಂದಕ್ಕೆ ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟ್, ನಮ್ಮಲ್ಲೇ. ಇನ್ನು ಸಂಜೆ ಹೊತ್ತು ಹಾಲ್ ಪೂರ್ತಿ ಟೀಮಿಗೆ. ನಾಟಕದವರ ಎರಡು ಸಂಜೆಗಳು ಹೋದವು. ಉಜ್ಜಿದೆ.

ಹೇಳಲು ಹೋದೆ. ನಾಟಕದ ಮೇಡಂ ಇರುವುದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ. ಟೀಮಿಗೆ ಬಸ್ಸು, ಶೂಗಳಿಗೇ ಒಂದು ಕೋಣೆ, ಕಾಲು ಉಳುಕಿದರೆ ನೋಡಲು ವಾರಕ್ಕೊಮ್ಮೆ ಬರುವ ಡಾಕ್ಟರು. ಇವರಿಗೆ ಈ ಗೂಡು. ನೆಟ್ಟಗೆ ನಿಂತರೆ ತಲೆ ಬಡಿಯುತ್ತದೆ. ಅದಕ್ಕೇ ಅವರು ನಿಲ್ಲುವುದಿಲ್ಲ. ಟ್ರಂಕಿನ ಮೇಲೆ ಕೂತು ಕೋಟಿಗೆ ಗುಂಡಿ ಹೊಲಿಯುತ್ತಿದ್ದರು.

"ಸಂಜೆ ಹಾಲ್ ಇಲ್ಲ ಮೇಡಂ."

"ಮಧ್ಯಾಹ್ನ?"

"ಊಟದ ಬಿಡುವಲ್ಲಿ ಖಾಲಿ ಇರುತ್ತೆ. ಆದ್ರೆ ಮಕ್ಕಳು ಊಟ..."

"ಬೇಗ ಬೇಗ ತಿಂತಾರೆ ಬಿಡಿ ಸರ್. ಹೊಟ್ಟೆ ಬಿರಿಯ ತಿಂದು ನಿಮ್ಮ ಕ್ಲಾಸಲ್ಲಿ ತೂಕಡಿಸೋದಕ್ಕಿಂತ ವಾಸಿ."

ದಾರವನ್ನು ಹಲ್ಲಿನಿಂದ ಕಡಿದರು. ಸಿಟ್ಟಿಲ್ಲ. ಸಿಟ್ಟು ಇಲ್ಲದ್ದು ಕಂಡು ನನಗೇಕೋ ಇರುಸುಮುರುಸು.


ಫೆಬ್ರವರಿ ೭, ಶುಕ್ರವಾರ. ಮಧ್ಯಾಹ್ನ

ಹಾಲಿನ ಬಾಲ್ಕನಿಯಲ್ಲಿ ಕೂತು ನೋಡಿದೆ. ಮಗಳೂ ಆ ಗುಂಪಿನಲ್ಲಿದ್ದಾಳೆ ಎಂಬುದು ನೆಪ. ನಿಜವಾಗಿ ನೋಡಬೇಕಿದ್ದದ್ದು ಬೇರೆ. ನೆಲದ ಮೇಲೆ ಸೀಮೆಸುಣ್ಣ ಮುಟ್ಟಿಸುವ ಹಾಗಿಲ್ಲ, ಟೇಪ್ ಅಂಟಿಸುವ ಹಾಗಿಲ್ಲ — ಪಾಲಿಶ್ ಕೆಡುತ್ತದೆಂದು ಪ್ರಿನ್ಸಿಪಾಲ್ ಅಪ್ಪಣೆ. ಹಾಗಾದರೆ ಇಷ್ಟು ಮಕ್ಕಳು ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುವುದು ಹೇಗೆ?

ಗೊತ್ತಾಯಿತು. ಮೇಡಂ ಏನನ್ನೂ ಬರೆದಿಲ್ಲ. ಇದ್ದದ್ದನ್ನೇ ಬಳಸಿದ್ದಾರೆ.

ನಾಟಕದಲ್ಲಿ ಒಂದು ಊರು. ಊರ ಗಡಿಯಾರ ನಿಂತುಹೋಗಿದೆ. ಒಂದೊಂದು ಬೀದಿಗೂ ತನ್ನದೇ ಗಂಟೆ ಸರಿಯೆಂದು ಜಗಳ. ಕೋರ್ಟಿನ ನಡುವಿನ ವೃತ್ತವೇ ಗಡಿಯಾರ, ಹನ್ನೆರಡು ಮಕ್ಕಳು ಅದರ ಸುತ್ತ ಅಂಕಿಗಳಾಗಿ ನಿಲ್ಲುತ್ತಾರೆ. ಫ್ರೀ ಥ್ರೋ ಗೆರೆ ಊರಗೌಡನ ಹೊಸ್ತಿಲು. ಮೂರು ಪಾಯಿಂಟಿನ ಕಮಾನು ಸಂತೆಬೀದಿ. ಎರಡು ಬುಟ್ಟಿಗಳು ಊರಿನ ಎರಡು ತುದಿ. ಯಾರೂ ಕೆಳಗೆ ನೋಡುವುದಿಲ್ಲ. ಓಡಿ ಬರುತ್ತಾರೆ, ಪಾದ ತಾನಾಗಿ ಗೆರೆಯ ಮೇಲೆ ನಿಲ್ಲುತ್ತದೆ.

ಆಟದವರಿಗೆಂದು ಎಳೆದ ಗೆರೆಗಳೊಳಗೆ ಒಂದು ಇಡೀ ಊರು ಕಟ್ಟಿದ್ದಾರೆ. ಒರೆಸಬೇಕಾದದ್ದು ಏನೂ ಉಳಿಯುವುದಿಲ್ಲ. ಎಷ್ಟು ವರ್ಷದಿಂದ ಈ ಹಾಲ್‌ನ ಹೊತ್ತನ್ನು ಬೇರೆಯವರಿಗೆ ಹಂಚುತ್ತಿದ್ದೇನೆ, ಈ ಗೆರೆಗಳನ್ನು ಇವತ್ತೇ ಕಂಡೆ.

ಬಾಗಿಲಲ್ಲಿ ಸೀಟಿ ಸರ್ ಕೂಡ ನಿಂತಿದ್ದರು. ಬ್ಯಾಸ್ಕೆಟ್‌ಬಾಲ್ ಕೋಚ್. ಕೊರಳಲ್ಲಿ ಸದಾ ಸೀಟಿ, ಮಕ್ಕಳಿಟ್ಟ ಹೆಸರು. ಯಾರಾದರೂ ಗೆರೆ ಕೆರೆಯುತ್ತಾರೇನೋ ಎಂದು ಕಾಯುತ್ತಿದ್ದಾರೆ ಅಂದುಕೊಂಡೆ. ಬೆಲ್ ಆಗುವವರೆಗೂ ಕದಲಲಿಲ್ಲ. ದಿನಾ ಬಂದು ನಿಲ್ಲುತ್ತಾರಂತೆ.


ಫೆಬ್ರವರಿ ೧೨, ಬುಧವಾರ. ಮನೆ

ಮಗಳು ತಟ್ಟೆ ಮುಂದಿಟ್ಟುಕೊಂಡು ಕೇಳಿದಳು.

"ಅಪ್ಪಾ, ಟೀಮ್‌ನವರು ಮ್ಯಾಚ್‌ಗೆ ಹೋದ್ರೆ ಹಾಜರಿ. ನಾವು ರಿಹರ್ಸಲ್‌ನಿಂದ ಎರಡು ನಿಮಿಷ ಲೇಟಾಗಿ ಬಂದ್ರೆ ಗೈರುಹಾಜರಿ. ಯಾಕೆ?"

"ರೂಲ್."

"ರೂಲ್ ಮಾಡಿದೋರು ಯಾರು?"

"ಅನ್ನ ಆರ್ತಾ ಇದೆ, ತಿನ್ನು."

ಹೆಂಡತಿಗೆ ನಗು. "ನೋಡು, ಉತ್ತರ ಗೊತ್ತಿಲ್ದಿದ್ರೆ ಮೇಷ್ಟ್ರು ಹೀಗೇ ಮಾಡೋದು."

ಮಗಳದು ಗಡಿಯಾರ ರಿಪೇರಿಯವಳ ಪಾತ್ರ. ಕೊನೆಗೆ ಒಂದು ಘಟ್ಟವಿದೆಯಂತೆ. ಅವಳು ವೃತ್ತದ ನಡುವೆ ನಿಂತು ನೋಡುತ್ತಿರುವ ಜನರನ್ನೇ ಕೇಳಬೇಕು: ಯಾರ ಹತ್ತಿರ ಇದೆ ಸರಿಯಾದ ಗಂಟೆ? ಯಾರಾದರೂ ಎದ್ದು ಹೇಳುವ ತನಕ ನಾಟಕ ಮುಂದೆ ಹೋಗುವುದಿಲ್ಲ. ಮೊದಲೇ ಒಬ್ಬರಿಗೆ ಹೇಳಿಕೊಟ್ಟು ಕೂರಿಸೋಣ ಎಂದರೆ ಮೇಡಂ ಸುತರಾಂ ಒಪ್ಪುತ್ತಿಲ್ಲ.

"ಯಾರೂ ಹೇಳ್ದೇ ಇದ್ರೆ?" ಕೇಳಿದೆ.

"ಕಾಯೋದು ಅಂತಾರೆ ಮೇಡಂ."

"ಎಷ್ಟು ಹೊತ್ತು?"

"ನೋಡಿದ್ಯಾ ಅಮ್ಮಾ? ಅದಕ್ಕೇ ಹೇಳ್ತಾ ಇರೋದು. ಅಪ್ಪಾ, ನೀನು ಮಾತ್ರ ಹೇಳ್ಬೇಡ. ಮನೆಯವರು ಹೇಳಿದ್ರೆ ಲೆಕ್ಕಕ್ಕಿಲ್ಲ."

"ನಿಮ್ಮಪ್ಪ ಎಲ್ಲಿ ಹೇಳ್ತಾರೆ," ಇವಳೆಂದಳು. "ಮೂಲೇಲಿ ಕೂತ್ಕೊಂಡು ಡೈರಿ ಬರೀತಾ ಇರ್ತಾರೆ. ಬರೆಯೋರಿಗೆ ಎದುರಿಗಿರೋದು ಕಾಣಲ್ಲ."

ಇದನ್ನೂ ಬರೆದಿಟ್ಟಿದ್ದೇನೆ.


ಫೆಬ್ರವರಿ ೧೭, ಸೋಮವಾರ

ಮೀಟಿಂಗ್. ಬಹುಪಾಲು ಟೂರ್ನಮೆಂಟ್. ಬಾಗಿಲ ಬಳಿ ಹೂಕುಂಡ ಎಲ್ಲಿಡಬೇಕು ಎಂಬುದಕ್ಕೇ ಕಾಲು ಗಂಟೆ. ಕೊನೆಯಲ್ಲಿ, ಎಲ್ಲರೂ ಚೀಲ ಎತ್ತಿಕೊಳ್ಳುವಾಗ, ಪ್ರಿನ್ಸಿಪಾಲ್ ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಸುದ್ದಿ ಇದ್ದರೆ ಹಾಗೆ ಮಾಡುತ್ತಾರೆ.

"ಮುಂದಿನ ವರ್ಷ ನಾಟಕದ ಪಿರಿಯಡ್ ಬದಲು ಎರಡನೇ ಫಿಟ್‌ನೆಸ್ ಪಿರಿಯಡ್ ಅಂತ ಶಾಲಾ ಕಮಿಟಿಯವರ ಆಲೋಚನೆ. ನಾಟಕದಲ್ಲಿ ಕಣ್ಣಿಗೆ ಕಾಣೋ ಅಂಥದ್ದು ಏನೂ ಇಲ್ಲ ಅಂತಾರೆ."

"ಇಪ್ಪತ್ತೆಂಟಕ್ಕೆ ನಾಟಕ ಇದೆಯಲ್ಲ, ಬಂದು ನೋಡ್ಲಿ," ನಾಟಕದ ಮೇಡಂ ಹೇಳಿದರು.

"ಅದೇ ಹೇಳಬೇಕಿತ್ತು ಮೇಡಂ. ಇಪ್ಪತ್ನಾಲ್ಕರಿಂದ ಹಾಲ್ ಬಂದ್. ಪಾಲಿಶ್, ಹೊಸ ಗೆರೆ... ಟೂರ್ನಮೆಂಟ್ ತನಕ ಯಾರೂ ಕಾಲಿಡೋ ಹಾಗಿಲ್ಲ. ಟೀಮ್ ಕೂಡ ಹೊರಗಿನ ಹಳೇ ಕೋರ್ಟಲ್ಲೇ."

ಮೇಡಂ ತಮ್ಮ ಅಂಗೈ ನೋಡಿಕೊಂಡರು. ನಾಟಕ ಆಗದಿದ್ದರೆ ನಾಟಕದ ಪಿರಿಯಡ್ ಇಲ್ಲ. ಆಗಲು ಜಾಗವಿಲ್ಲ. ಸರಳ ಸಮೀಕರಣ.

ಆಮೇಲೆ ಕೇಳಿಸಿದ್ದು ನನ್ನದೇ ದನಿ. ಮೀಟಿಂಗಿನಲ್ಲಿ ಅದನ್ನು ಕೇಳಿ ಎಷ್ಟು ದಿನವಾಗಿತ್ತೋ. ಊರ ಸಭಾಭವನದ ಮ್ಯಾನೇಜರು ನನ್ನ ಹೆಂಡತಿಯ ಅಣ್ಣ. ಕೇಳಿ ನೋಡುತ್ತೇನೆ ಎಂದೆ.

ಸಂಜೆ ಫೋನ್ ಮಾಡಿದೆ. ಭಾವ ಒಂದೇ ಮಾತಿಗೆ ಒಪ್ಪಿದರು. "ನಿಮ್ಮ ಬಾಯಿಂದ ಏನಾದ್ರೂ ಬೇಕು ಅಂತ ಬಂದದ್ದೇ ದೊಡ್ಡದು ಭಾವ, ಬನ್ನಿ ಬನ್ನಿ." ನಿಜವಾದ ರಂಗ, ಪರದೆ, ದೀಪ. ಮಗಳು ಕುಣಿದಾಡಿದಳು. ಊಟ ರುಚಿಸಿತು.


ಫೆಬ್ರವರಿ ೨೪, ಸೋಮವಾರ. ಸಭಾಭವನದಿಂದ ಬಂದು

ಕೆಟ್ಟಿತು.

ಮೊದಲು ಎಲ್ಲ ಚೆನ್ನಾಗಿತ್ತು. ಗ್ರೀನ್‌ರೂಮಿನ ಉದ್ದ ಕನ್ನಡಿ ಕಂಡು ಮಕ್ಕಳು ಹಲ್ಲು ಕಿಸಿದು ನಿಂತರು. ಪರದೆ ಎಳೆಯಲು ಜಗಳಾಡಿದರು. ಆಮೇಲೆ ದೀಪ ಹತ್ತಿತು. ಬರಿಯ ಕಪ್ಪು ಹಲಗೆ. ಒಂದು ಗೆರೆ ಇಲ್ಲ.

ಸಂತೆಬೀದಿಯವರು ಓಡಿ ಬಂದು ಊರಗೌಡನ ಮೇಲೆ ಬಿದ್ದರು. ಗಡಿಯಾರ ಆಗಬೇಕಾದವರು ಗುಂಪಾಗಿ ನಿಂತರು — ಬಸ್ಸಿಗೆ ಕಾಯುವವರ ಹಾಗೆ. ಏಳು ಎಲ್ಲಿ, ಎಂಟು ಎಲ್ಲಿ, ಯಾರಿಗೂ ತಿಳಿಯದು. ಒಬ್ಬ ಹುಡುಗ ಅಳುವ ದನಿಯಲ್ಲಿ ಕೇಳಿದ: "ಮೇಡಂ, ಸರ್ಕಲ್ ಎಲ್ಲಿ?"

ಭಾವ ಸೀಮೆಸುಣ್ಣ ತಂದುಕೊಟ್ಟರು. ವೃತ್ತ ಬರೆದೆವು. ಕಮಾನು ಬರೆಯಲು ಹೋದರೆ ರಂಗ ಮುಗಿದೇ ಹೋಯಿತು. ಇಡೀ ಕೋರ್ಟಿನಲ್ಲಿ ಹರಡಿ ಕಟ್ಟಿದ ಊರು. ರಂಗ ಅದರ ಅರ್ಧವೂ ಇಲ್ಲ. ಅಳತೆ ನನ್ನ ವಿಷಯ, ಬಂದು ಅಳೆಯಬಹುದಿತ್ತು. ಹೊಳೆಯಲಿಲ್ಲ. ನಾಟಕ ಅಂದಮೇಲೆ ರಂಗ ಬೇಕು, ಅಷ್ಟೇ ಅಂದುಕೊಂಡಿದ್ದೆ. ನಾಲ್ಕು ದಿನದಲ್ಲಿ ಊರನ್ನು ಮಡಚಲು ಆಗುವುದಿಲ್ಲ.

ಮೇಡಂ ರಂಗದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. ಪಕ್ಕದಲ್ಲಿ ಕೂತೆ. ಏನಾದರೂ ಅನ್ನಲಿ ಎಂದು ಕಾದೆ.

"ಎಂಥ ಚೆಂದದ ಜಾಗ ಕೊಡಿಸಿದ್ರಿ ಸರ್," ಅಂದರು. "ನಮ್ಮ ಹುಡುಗ್ರಿಗೆ ಇಷ್ಟು ಅಚ್ಚುಕಟ್ಟು ಒಗ್ಗಲ್ಲ, ಅಷ್ಟೇ."

ಹಂಗಿಸಿದ್ದಲ್ಲ. ಅದು ಇನ್ನೂ ಕಷ್ಟ.

ಏಳುತ್ತಾ ಕೇಳಿದರು: "ಆ ಹೊರಗಿನ ಹಳೇ ಕೋರ್ಟ್... ಇಪ್ಪತ್ತೆಂಟರ ಸಂಜೆ ಯಾರದು?"

ಹಾಳೆ ನೋಡಬೇಕಿರಲಿಲ್ಲ. ನಾನೇ ಬರೆದದ್ದು. ಟೀಮಿನದು. ಟೂರ್ನಮೆಂಟಿನ ಹಿಂದಿನ ಸಂಜೆ.


ಫೆಬ್ರವರಿ ೨೫, ಮಂಗಳವಾರ

ಪ್ರಿನ್ಸಿಪಾಲ್: "ಕೋಚ್ ಒಪ್ಪಿದ್ರೆ ನನ್ನದೇನೂ ಇಲ್ಲ." ಒಪ್ಪುವುದಿಲ್ಲ ಎಂದು ಗೊತ್ತಿರುವವರ ನಿರಾಳ.

ಮೇಡಂ ಜೊತೆ ನಾನೂ ಹೋದೆ. ಸೀಟಿ ಸರ್ ಚೆಂಡುಗಳಿಗೆ ಗಾಳಿ ಹೊಡೆಯುತ್ತಿದ್ದರು.

"ಶನಿವಾರ ಬೆಳಿಗ್ಗೆ ಮೊದಲನೇ ಮ್ಯಾಚು ಮೇಡಂ. ಶುಕ್ರವಾರ ಸಂಜೆ ಬಿಟ್ಕೊಡಿ ಅಂದ್ರೆ? ನನ್ನ ಹುಡುಗ್ರು ಎಲ್ಲಿಗೆ ಹೋಗ್ಬೇಕು?"

"ಎಲ್ಲೂ ಹೋಗ್ಬೇಡಿ. ಬಂದು ಕೂತ್ಕೊಳ್ಳಿ. ನಮಗೂ ನೋಡೋ ಜನ ಬೇಕು. ನಿಮ್ಮ ಮ್ಯಾಚಿಗೆ ವರ್ಷ ವರ್ಷ ಕೂಗಿ ಕೂಗಿ ನಮ್ಮ ಮಕ್ಕಳ ಗಂಟಲು ಒಡೆದಿದೆ."

ಸೀಟಿ ಸರ್ ಪಂಪ್ ನಿಲ್ಲಿಸಿದರು. ಚೆಂಡನ್ನು ಒಮ್ಮೆ ನೆಲಕ್ಕೆ ಬಡಿದು ಹಿಡಿದರು.

"ಅಲ್ಲಿ ಗೆರೆಗಳೇ ಅಳಿಸಿ ಹೋಗಿವೆಯಲ್ಲ ಮೇಡಂ."

"ಹೌದು. ಅದೊಂದು ತೊಂದರೆ."

"ನೋಡೋಣ," ಅಂದರು.

ನಮ್ಮ ಶಾಲೆಯಲ್ಲಿ 'ನೋಡೋಣ' ಅಂದರೆ ಆಗಲ್ಲ ಅಂತ. ಮಗಳಿಗೆ ಹೇಳಿದೆ. ಅವಳು ರೂಮಿಗೆ ಹೋದಳು. ಬಾಗಿಲಾಚೆಯಿಂದ ಅದೇ ಸಾಲು, ಮತ್ತೆ ಮತ್ತೆ: ಯಾರ ಹತ್ತಿರ ಇದೆ ಸರಿಯಾದ ಗಂಟೆ? ಒಂದೊಂದು ಸಲ ಒಂದೊಂದು ದನಿ. ಪ್ರತಿ ಸಲವೂ ಕೇಳಿ, ಸುಮ್ಮನಾಗಿ, ಕಾಯುತ್ತಿದ್ದಳು.


ಫೆಬ್ರವರಿ ೨೭, ಗುರುವಾರ. ಬೆಳಿಗ್ಗೆ

ಗೇಟು ದಾಟಿ ನಿಂತುಬಿಟ್ಟೆ.

ಹಳೇ ಕೋರ್ಟಿನ ಮೇಲೆ ಟೀಮಿನ ಹುಡುಗರು ಹುಡುಗಿಯರು ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಬ್ರಷ್ಷು, ಮೊಣಕಾಲೆಲ್ಲ ಬಿಳಿ ಬಣ್ಣ. ಕಮಾನು, ಫ್ರೀ ಥ್ರೋ ಗೆರೆ, ಎಲ್ಲ ಹೊಸದು. ನಡುವೆ ಸೀಟಿ ಸರ್ ಹಗ್ಗದ ಒಂದು ತುದಿಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದರು. ಟೀಮಿನ ಕ್ಯಾಪ್ಟನ್ ಇನ್ನೊಂದು ತುದಿ ಹಿಡಿದು, ಬಗ್ಗಿ, ಉಸಿರು ಬಿಗಿಹಿಡಿದು ಸುತ್ತು ಬರುತ್ತಿದ್ದಳು. ವೃತ್ತ ಎಲ್ಲಿ ಶುರುವಾಯಿತೋ ಅಲ್ಲಿಗೇ ಬಂದು ಸೇರಿತು. ಚೆಂಡು ಹಿಡಿಯುವ ಬೆರಳುಗಳಿಗೆ ಇಷ್ಟು ನಾಜೂಕು ಇರುತ್ತದೆಂದು ತಿಳಿದಿರಲಿಲ್ಲ. ಇವರನ್ನೂ ನಾನು ಸರಿಯಾಗಿ ನೋಡಿರಲಿಲ್ಲ.

"ಪ್ರಾಕ್ಟೀಸಿಗೂ ಬೇಕಾಗಿತ್ತು," ಸೀಟಿ ಸರ್ ನನ್ನ ಮುಖ ನೋಡದೆ ಹೇಳಿದರು. "ನಾಳೆ ನಾಲ್ಕಕ್ಕೆ ಅವರು ಶುರು ಮಾಡ್ಲಿ. ನಾಲ್ಕೂವರೆಗೆ ನಮಗೆ ಬೇಕು. ಖಡಾಖಂಡಿತ."

ನಾಟಕ ಮುಕ್ಕಾಲು ಗಂಟೆಯದು. ಹೇಳಲು ಬಾಯಿ ತೆರೆದೆ.

"ಮೇಡಂ ಹತ್ರ ಕೇಳಿ ಹೇಳಿ ಸರ್," ಅವರೇ ಮುಂದುವರಿಸಿದರು. "ಗಡಿಯಾರದ ಹನ್ನೆರಡರ ಅಂಕಿ ಬುಟ್ಟಿ ಕಡೆಗೇ ಇರಬೇಕಲ್ವಾ? ಹುಡುಗ್ರು ಪುಟ್ಟ ಪುಟ್ಟ ಗುರುತು ಹಾಕಿದ್ದಾರೆ."

ದಿನಾ ಮಧ್ಯಾಹ್ನ ಬಾಗಿಲಲ್ಲಿ ನಿಂತು ಅವರು ಕಾಯುತ್ತಿದ್ದದ್ದು ಪಾಲಿಶನ್ನಲ್ಲ.

ಮೇಡಂಗೆ ಹೇಳಿದೆ. ಬಂದು ನೋಡಿದರು. ಚಪ್ಪಲಿ ಬಿಟ್ಟು, ವೃತ್ತದೊಳಗೆ ಹೋಗಿ, ಒಂದು ಸುತ್ತು ತಿರುಗಿದರು. ನಾಲ್ಕೂವರೆಯ ಮಾತಿಗೆ: "ಓಡಿಸೋಣ. ಓಡೋ ಗಡಿಯಾರ." ನಕ್ಕರು. ಆದರೆ ಓಡಿಸಲಾಗದ ಒಂದು ಘಟ್ಟವಿದೆ. ಅವರಿಗೂ ಗೊತ್ತು.

ಸ್ಟಾಫ್‌ರೂಮಿಗೆ ಬಂದು ಮುಂದಿನ ವರ್ಷದ ವೇಳಾಪಟ್ಟಿಯ ಕರಡು ತೆಗೆದೆ. ಆ ಒಂದು ಚೌಕ ಖಾಲಿ ಬಿಡಲು ಹೇಳಿದ್ದರು. 'ನಾಟಕ' ಎಂದು ಬರೆದೆ. ಪೆನ್ನಿನಲ್ಲಿ. ಬೇಡವಾದರೆ ಅವರೇ ಹೊಡೆದುಹಾಕಲಿ, ತಮ್ಮ ಕೈಯಾರೆ.


ಫೆಬ್ರವರಿ ೨೮, ಶುಕ್ರವಾರ. ಸಂಜೆ, ಕೋರ್ಟಿನ ಮೆಟ್ಟಿಲ ಮೇಲೆ

ಮೇಲಿನ ಮೆಟ್ಟಿಲು. ಪಕ್ಕದಲ್ಲಿ ಇವಳು. ಕೆಳಗೆ ಪ್ರಿನ್ಸಿಪಾಲ್, ಕಮಿಟಿಯವರು. ಅಧ್ಯಕ್ಷರು ಮೊದಲು ಹೊಸ ಪಾಲಿಶ್ ನೋಡಿ ಬಂದರು, ತಡವಾಗಿ. ಅದರಿಂದಲೇ ಹತ್ತು ನಿಮಿಷ ಹೋಯಿತು. ಹಿಂದೆ, ಬೇಲಿಗೆ ಒರಗಿ, ಟೀಮು. ಚೀಲ, ಚೆಂಡು, ಕಟ್ಟಿದ ಶೂ. ಅವರ ನಡುವೆ ಸೀಟಿ ಸರ್, ಕೈಯಲ್ಲಿ ಸ್ಟಾಪ್‌ವಾಚು.

ದೀಪವಿಲ್ಲ. ಪರದೆ ಇಲ್ಲ. ಬಿಸಿಲು ಓರೆಯಾಗಿದೆ. ಸಂತೆಬೀದಿಯವರು ಓಡಿ ಬಂದರು — ಪಾದ ಕಮಾನಿನ ಮೇಲೆ ಕೂತಿತು. ಊರಗೌಡ ಹೊಸ್ತಿಲು ದಾಟುವಾಗ ಎಡವಿದ. ಬೇಕೆಂದೇ. ಅಧ್ಯಕ್ಷರು ನಕ್ಕರು. ಪ್ರಿನ್ಸಿಪಾಲ್ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅಂಕಿಗಳು ಅಂಕಿಗಳಾಗಿ ನಿಂತಿವೆ, ಒಂದೊಂದರ ನೆರಳು ವೃತ್ತದೊಳಗೆ ಉದ್ದಕ್ಕೆ ಬಿದ್ದಿದೆ. ಆ ಭವನದ ದೀಪಕ್ಕೆ ಇದು ಆಗುತ್ತಿರಲಿಲ್ಲ.

ಮೇಡಂ ಎಲ್ಲಿ ಎಂದು ಹುಡುಕಿದೆ. ಬುಟ್ಟಿಯ ಕಂಬದ ಹಿಂದೆ. ಬಾಯಿ ಎಲ್ಲರ ಮಾತಿಗೂ ಅಲುಗುತ್ತಿದೆ.

ಮಗಳು ವೃತ್ತದೊಳಗೆ ಬಂದಳು. ತಿರುಗಿ ನಮ್ಮತ್ತ.

"ಯಾರ ಹತ್ರ ಇದೆ ಸರಿಯಾದ ಗಂಟೆ?"

ಇಷ್ಟು ಮೆಲ್ಲನೆ ಕೇಳುತ್ತಾಳೆಂದು ಎಣಿಸಿರಲಿಲ್ಲ.

ಯಾರೂ ಏಳಲಿಲ್ಲ. ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಸಾಲು ಮರೆತಳು ಅಂದುಕೊಂಡಿರಬೇಕು. ನನ್ನ ಕೈಗಡಿಯಾರ ನನ್ನ ಮೊಣಕಾಲ ಮೇಲೇ ಇದೆ. ಹೇಳಬಾರದು. ಇವಳು ನನ್ನ ಅಂಗಿಯ ತೋಳು ಹಿಡಿದಿದ್ದಾಳೆ. ಮಗಳು ಕಾಯುತ್ತಿದ್ದಾಳೆ. ರೆಪ್ಪೆಯೂ ಬಡಿಯುತ್ತಿಲ್ಲ. ಹನ್ನೆರಡು ಮಕ್ಕಳು ಉಸಿರು ಬಿಟ್ಟ ಹಾಗಿಲ್ಲ. ನಾಲ್ಕೂವರೆ ಆಗಿಹೋಗಿದೆ, ಬೇಲಿಯ ಹತ್ತಿರ ಚೆಂಡು ಒಮ್ಮೆ ಪುಟಿದು ಸುಮ್ಮನಾಯಿತು. ಈಗ ಸೀಟಿ ಊದುತ್ತಾರೆ. ಊದಿದರೆ ಮುಗಿಯಿತು...

"ನಾಲ್ಕೂವರೆ ಮೇಲೆ ಮೂರು ನಿಮಿಷ ಕಣಮ್ಮಾ."

ಸೀಟಿ ಸರ್. ಬೇಲಿ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿದ್ದಾರೆ. ಸ್ಟಾಪ್‌ವಾಚನ್ನು ಜೇಬಿಗೆ ಹಾಕಿಕೊಂಡರು.

"ಆದ್ರೆ ನಮಗೇನೂ ಅವಸರ ಇಲ್ಲ. ನಿಧಾನಕ್ಕೆ ರಿಪೇರಿ ಮಾಡು."

ಟೀಮಿನವರು ಚೀಲ ಇಳಿಸಿ ಕೂತರು, ಒಬ್ಬೊಬ್ಬರಾಗಿ. ಮಗಳ ಮುಖದಲ್ಲಿ... ಮೇಡಂ ಕಂಬದ ಹಿಂದಿನಿಂದ ಪೂರ್ತಿ ಹೊರಗೆ ಬಂದುಬಿಟ್ಟಿದ್ದಾರೆ, ಗೊತ್ತೇ ಇಲ್ಲ ಅವರಿಗೆ. ವೃತ್ತ ಕದಲಿತು. ಮೆಲ್ಲಗೆ. ಗಡಿಯಾರ ನಡೆಯುತ್ತಿದೆ. ಮಗಳು ನಮ್ಮ ಕಡೆಯ ಸುತ್ತಿಗೆ ಬಂದಾಗ —

ಇವಳ ಕೈ ಪೆನ್ನಿನ ಮೇಲೆ. "ಬರೆದದ್ದು ಸಾಕು ರೀ, ನೋ